ಹೊಲಿದಿಟ್ಟ ಕೊನೆಯ ಹಾಳೆ

ಆ ಬಾವಿಯ ರಾಟೆಗೆ ಹಗ್ಗ ಇರಲಿಲ್ಲ. ಇದನ್ನು ನೆನಪಿಟ್ಟುಕೊಂಡು ಕೇಳಿ.

ನಮ್ಮ ಪಕ್ಕದ ಮನೆಯವನು ಬೈಂಡರ್. ಅವನೂ ನಾನೂ ಒಂದೇ ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುತ್ತಿದ್ದೆವು. ಅವನ ಹೆಂಡತಿ ಸತ್ತು ತಿಂಗಳಾಗಿತ್ತು. ನೀರು ಸೇದಲು ಹೋದವಳು ಜಾರಿ ಬಾವಿಗೆ ಬಿದ್ದಳು. ಆಮೇಲೆ ರಾಟೆಯ ಹಗ್ಗ ಬಿಚ್ಚಿ ಎಸೆದವನು ಇವನೇ. ಮನೆಯಲ್ಲಿ ಉಳಿದದ್ದು ಆರು ವರ್ಷದ ಮಗಳು, ಕಿವಿ ಮಂದವಾದ ಅವನ ಸೋದರತ್ತೆ.

ಶಾಲೆ ಪುಸ್ತಕಗಳ ಅವಸರದ ಕಾಲ. ಅವತ್ತು ಕೆಲಸ ಬಿಟ್ಟಾಗ ರಾತ್ರಿ ಹನ್ನೊಂದು ಗಂಟೆ. ಬಾವಿ ದಾಟುತ್ತಿದ್ದಾನೆ... ಕಿರ್ರ್... ರಾಟೆ ಒಂದು ಸುತ್ತು ತಿರುಗಿತು. ಗಾಳಿ ಇರಲಿಲ್ಲ. ತಾನು ಓಡಲಿಲ್ಲ ಅನ್ನುತ್ತಾನೆ ಅವನು. ಆದರೆ ಒಂದು ಚಪ್ಪಲಿ ಅಲ್ಲೇ ಉಳಿಯಿತು.

ಮನೆ ಬಾಗಿಲಿಗೆ ಬಂದರೆ ಒಳಗೆ ಇನ್ನೊಂದು ಸದ್ದು. ಸರಕ್... ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸರಕ್. ಎಂಜಲು ಹಚ್ಚಿದ ಬೆರಳಿನಿಂದ ಪುಟ ತಿರುವುವ ಸದ್ದು.

ಬಾಗಿಲು ತಳ್ಳಿದ. ಅತ್ತೆ ಗೊರಕೆ ಹೊಡೆಯುತ್ತಿದ್ದಳು. ಮಗಳು ಕತ್ತಲಲ್ಲಿ ಎದ್ದು ಕೂತಿದ್ದಳು. ಮಡಿಲಲ್ಲಿ ಕತೆ ಪುಸ್ತಕ. ದಾರಿ ತಪ್ಪಿದ ನರಿಮರಿಯ ಕತೆ. ತಾಯಿ ದಿನಾ ಮಲಗಿಸುವಾಗ ನಾಲ್ಕು ಪುಟ ಓದುತ್ತಿದ್ದಳು. ಅವಳು ಸತ್ತಾಗ ಅರ್ಧಕ್ಕೆ ನಿಂತಿತ್ತು. ಮುಂದಕ್ಕೆ ಓದಲು ಇವನಿಗೆ ಧೈರ್ಯ ಸಾಲಲಿಲ್ಲ.

"ಏನು ಮಾಡ್ತಿದ್ದೀಯ ಪುಟ್ಟಿ?"

"ಶ್... ಅಮ್ಮ ಈಗ ಹೋದ್ಲು. ನೀನು ಬಾಗಿಲು ಸದ್ದು ಮಾಡ್ದೆ."

ದೀಪ ಹಚ್ಚಿ ಪುಸ್ತಕ ಕಿತ್ತುಕೊಂಡ. ಮುಗಿಯಲು ನಾಲ್ಕೇ ಪುಟ. ಅಲ್ಲಿ ಮೂಲೆ ಮಡಚಿತ್ತು. ಒದ್ದೆ.

ಮೂಲೆ ಮಡಚುವುದು ಹೆಂಡತಿಯ ಚಾಳಿ. "ಪುಸ್ತಕದ ಕಿವಿ ಹಿಂಡಬೇಡ ಕಣೇ" ಅಂತ ಇವನು ರೇಗುತ್ತಿದ್ದ. "ನಿಮ್ಮ ಕಿವಿ ಎಟುಕಲ್ಲ, ಅದಕ್ಕೆ" ಅನ್ನುತ್ತಿದ್ದಳು ಅವಳು.

"ಅಮ್ಮ ಏನಂದ್ಲು?"

"ಪುಸ್ತಕ ಮುಗಿದ ತಕ್ಷಣ ನನ್ನ ಕರ್ಕೊಂಡು ಹೋಗ್ತಾಳಂತೆ."

"ಎಲ್ಲಿಗೆ?"

"ಅವಳಿರೋ ಕಡೆ. ತುಂಬಾ ತಣ್ಣಗಿದೆಯಂತೆ ಅಪ್ಪ..."

ಬೆಂಕಿಪೊಟ್ಟಣ ತೆಗೆದ. ಅಷ್ಟರಲ್ಲಿ ಅತ್ತೆ ಎದ್ದಳು. ಅವಳ ಕಿವಿಯಲ್ಲಿ ಎಲ್ಲಾ ಹೇಳಿದ. ಮುದುಕಿ ಅವನ ಕೈ ಹಿಡಿದಳು.

"ಸುಟ್ರೆ ಪುಸ್ತಕ ಮುಗಿದ ಹಾಗೇ ಅಲ್ವೇನೋ, ಪೆದ್ದ?"

ಪ್ರೆಸ್ಸಿನ ಕಾಗದ ಮನೆಯಲ್ಲಿತ್ತು. ಪುಸ್ತಕದ ಬೆನ್ನು ಬಿಚ್ಚಿದ. ಕೊನೆಯ ಹಾಳೆ ಪಕ್ಕಕ್ಕಿಟ್ಟ. ಹದಿನಾರು ಖಾಲಿ ಪುಟ ಮಡಿಸಿ ಹೊಲಿದ. ಅದರ ಹಿಂದೆ ಕೊನೆಯ ಹಾಳೆ ಸೇರಿಸಿದ. ಗೋಂದು ಒಣಗುವಾಗ ಬೆಳಗಾಗಿತ್ತು.

ಮರುರಾತ್ರಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾದ. ದೂರದಲ್ಲಿ ಕಿರ್ರ್... ಆಮೇಲೆ ನೆಲದ ಮೇಲೆ ಪಚ್... ಪಚ್... ಯಾರೂ ಕಾಣಲಿಲ್ಲ. ಪುಟ ತಾನಾಗಿ ಎದ್ದು ಮಗುಚಿತು. ಸರಕ್.

ಅಚ್ಚಾದ ಎರಡು ಪುಟ ಮುಗಿದವು. ಖಾಲಿ ಪುಟ ಬಂತು. ಸದ್ದಿಲ್ಲ... ಬಹಳ ಹೊತ್ತು ಸದ್ದಿಲ್ಲ.

"ಅಪ್ಪ, ನೋಯ್ತಿದೆ, ಸಡಿಲ ಬಿಡು."

ಬಿಡಲಿಲ್ಲ. ಆಮೇಲೆ... ಸರಕ್.

"ಅದ್ರಲ್ಲಿ ಏನೂ ಇಲ್ಲ," ಪಿಸುಗುಟ್ಟಿದ. "ಏನು ಓದ್ತಿದ್ದಾಳೆ?"

"ನಿನ್ನ ಕತೆ. ಅವಳು ಬಾವಿಯಿಂದ ಕೂಗ್ದಾಗ ನೀನು ಎಲ್ಲಿದ್ದೆ ಅಂತ."

ಅವತ್ತು ಅವನು ಮನೆಯಲ್ಲೇ ಇದ್ದ. ಮನೆಗೆ ತಂದ ಪುಸ್ತಕ ಹೊಲಿಯುತ್ತಿದ್ದ. ಕೂಗು ಕೇಳಿಸಿತ್ತು. ಇದೊಂದು ಹೊಲಿಗೆ ಮುಗಿಸಿ ಏಳೋಣ ಅಂದುಕೊಂಡ. ಇದನ್ನು ನನಗೊಬ್ಬನಿಗೇ ಹೇಳಿದ್ದು.

ಅಂದಿನಿಂದ ನಾಲ್ಕು ದಿನಕ್ಕೊಮ್ಮೆ, ಓದಿದ ಮಡಿಕೆ ಬಿಚ್ಚಿ ತೆಗೆದು ಹದಿನಾರು ಹೊಸ ಪುಟ ಹೊಲಿದ. ಒಂದು ಸಲವೂ ತಪ್ಪಿಸಲಿಲ್ಲ. ಮಗಳಿಗೆ ಈಗ ಮೂವತ್ತು, ದೂರದಲ್ಲಿದ್ದಾಳೆ. ಬದುಕಿದ್ದಾಳೆ. ಹೋದ ವರ್ಷ ಇವನ ಕಣ್ಣು ಹೋಯಿತು. ಸೂಜಿ ನನ್ನ ಕೈಗೆ ಬಂತು.

ನಂಬದಿದ್ದರೆ ಬಿಡಿ. ನಡೆದದ್ದು ನಡೆದದ್ದೇ. ಪುಸ್ತಕ ನಿಮ್ಮ ಬೆನ್ನ ಹಿಂದಿನ ಕಪಾಟಿನಲ್ಲಿದೆ. ಸಂಜೆ ನೋಡಿದಾಗ ಎಂಟನೇ ಖಾಲಿ ಪುಟದ ಕಿವಿ ಮಡಚಿತ್ತು.

ತೆಗೆದು ನೋಡಿ. ಈಗ ಹನ್ನೆರಡನೆಯದು. ಇನ್ನೂ ಒದ್ದೆ.