ಹೆಸರು ಕೆತ್ತಿದ ಬೆಂಚು

ಒಂದು ಊರಿನ ಪೇಟೆಬೀದಿಯಲ್ಲಿ ಒಬ್ಬ ಶ್ರೀಮಂತನಿದ್ದ. ಎಣ್ಣೆ ಮಿಲ್ಲಿನ ಯಜಮಾನ. ದುಡ್ಡೂ ಇತ್ತು, ಭಕ್ತಿಯೂ ಇತ್ತು. ಎರಡೂ ಒಬ್ಬನಲ್ಲೇ ಸಿಗುವುದು ಕಷ್ಟ ನೋಡಿ. ಅದಕ್ಕೇ ಜನ ಅವನನ್ನು ಭಜನಾ ಮಂದಿರದ ಅಧ್ಯಕ್ಷನನ್ನಾಗಿ ಮಾಡಿದ್ದರು.

ಮಂದಿರ ಹಳೆಯದಾಗಿತ್ತು. ಕೆಡವಿ ದೊಡ್ಡದು ಕಟ್ಟೋಣ ಎಂದರು. ಬೀದಿಗೆ ಮುಖಮಾಡಿ ಅಂಗಡಿ ಮಳಿಗೆಗಳು, ಅವುಗಳ ಬಾಡಿಗೆಯಿಂದ ನಡೆಯುವ ಒಂದು ಧರ್ಮಾಸ್ಪತ್ರೆ, ಮೇಲೆ ಮದುವೆಯ ಹಾಲ್, ಹಿಂದೆ ಅಂಗಳ, ಅಂಗಳದ ಆಚೆ ದೇವರು. ನಾವೂ ಇಲ್ಲಿ ಇಂಥದ್ದನ್ನೇ ಕಟ್ಟಲು ಹೊರಟಿದ್ದೇವಲ್ಲ, ಸ್ವಲ್ಪ ಕಿವಿಗೊಟ್ಟು ಕೇಳಿ.

ನಕ್ಷೆ ಹಾಕಲು ಒಬ್ಬ ಇಂಜಿನಿಯರಮ್ಮ ಬಂದಳು. ಬಂದವಳು ಅಳತೆ ಟೇಪು ಹಿಡಿಯಲಿಲ್ಲ. ಭಜನೆಯ ಹೊತ್ತಿಗೆ ಒಂದು ಮೂಲೆಯಲ್ಲಿ ಕೂತು ಜನರನ್ನು ನೋಡುತ್ತಿದ್ದಳು. ಆಮೇಲೆ ಕೇಳಿದಳು:

“ಯಜಮಾನ್ರೇ, ಗೋಡೆ ಉದ್ದಕ್ಕೂ ಕಲ್ಲುಬೆಂಚು ಹಾಕ್ಸಿದೀರ. ಯಾರೂ ಯಾಕೆ ಕೂತ್ಕೊಳಲ್ಲ?”

ಶ್ರೀಮಂತ ಅದನ್ನು ಗಮನಿಸಿಯೇ ಇರಲಿಲ್ಲ. “ಭಕ್ತಿ ಕಣಮ್ಮ. ದೇವರ ಮುಂದೆ ಎತ್ತರದಲ್ಲಿ ಕೂರಬಾರ್ದು ಅಂತ.”

“ಹಾಗಾದ್ರೆ ಹೊರಗಡೆ ಜಗಲಿ ಬೆಂಚೂ ಖಾಲಿ ಇದೆಯಲ್ಲ? ಅಲ್ಲಿ ದೇವರಿಲ್ವಲ್ಲ?”

ಹೌದಲ್ಲ! ಅವನಿಗೂ ಕುತೂಹಲವಾಯಿತು. ಜಗಲಿಗೆ ಹೋದ. ಮಂಡಿನೋವಿನ ಒಬ್ಬ ಅಜ್ಜಿ ಬೆಂಚಿನ ಪಕ್ಕದಲ್ಲೇ ಗೋಡೆಗೊರಗಿ ನಿಂತಿದ್ದಳು.

“ಅಜ್ಜಿ, ಕೂತ್ಕೋಬಾರ್ದಾ?”

“ಅಯ್ಯೋ, ನಿಮ್ಮ ಅಪ್ಪಾರ ಮೇಲಾ?”

“ಏನಂದೆ?”

“ಕೂರೋ ಜಾಗದಲ್ಲೇ ಅವರ ಹೆಸರು ಕೆತ್ಸಿದೀರಲ್ಲಪ್ಪ. ಅಂಥಾ ದೊಡ್ಡ ಮನುಷ್ಯರ ಹೆಸರಿನ ಮೇಲೆ ನಾನು ಕುಂಡಿ ಊರೋದಾ? ಪಾಪ ಸುತ್ಕೊಳಲ್ವಾ?”

ನಗುತ್ತಿದ್ದೀರಿ. ಅವನೂ ಮೊದಲು ನಕ್ಕ. ಆಮೇಲೆ ನಗು ನಿಂತಿತು. ಏಕೆಂದರೆ ಅವನ ತಂದೆ ಸಾಯುವ ಮುಂಚೆ ಕೈ ಹಿಡಿದು ಕೇಳಿದ್ದು ಒಂದೇ: “ನನ್ನ ಹೆಸರು ಅಳಿಸಿ ಹೋಗದ ಹಾಗೆ ನೋಡ್ಕೋ ಮಗಾ.” ಹೊಸ ಕಟ್ಟಡದಲ್ಲೂ ಆಸ್ಪತ್ರೆಯ ಬೆಂಚು, ಮಂಚ, ಎಲ್ಲದರ ಮೇಲೂ ದಾನಿಗಳ ಹೆಸರು ಕೆತ್ತಿಸುವುದೆಂದು ಆಗಲೇ ನಿಶ್ಚಯವಾಗಿಬಿಟ್ಟಿತ್ತು. ಅಂದರೆ ನಾಳೆ ಜ್ವರ ಬಂದವನೂ ನಿಂತೇ ಇರಬೇಕು!

ಸಮಿತಿ ಸೇರಿತು. ಯಾವುದರ ಮೇಲೂ ಹೆಸರು ಬೇಡ ಎಂದ ಶ್ರೀಮಂತ. ಆಸ್ಪತ್ರೆಗೆ ಬೆಂಚು ಕೊಟ್ಟಿದ್ದ ಜವಳಿ ಅಂಗಡಿಯವನು ಆಗೋದಿಲ್ಲ ಎಂದು ಎದ್ದು ನಿಂತ. “ಎಲ್ಲರದ್ದೂ ಗೋಡೆ ಮೇಲೆ ಒಟ್ಟಿಗೆ ಬರೆಸಿಬಿಟ್ರೆ?” ಎಂದಳು ಇಂಜಿನಿಯರಮ್ಮ.

“ಆಗ ನನ್ನ ಬೆಂಚು ಯಾವುದು ಅಂತ ಗೊತ್ತಾಗೋದು ಹೆಂಗಮ್ಮಾ?” ಎಂದ ಜವಳಿಯವನು.

ನೋಡಿ, ಮಾತು ಹೊರಗೆ ಬಿತ್ತು. ಬೆಂಚು ಕೊಟ್ಟಿದ್ದಾನೆ, ಆದರೂ ಅದು ಅವನದೇ!

“ಮೊದಲು ನೀವು ನಿಮ್ಮಪ್ಪಾರ ಹೆಸರು ತೆಗೆಸಿ, ಆಮೇಲೆ ನಮಗೆ ಬುದ್ಧಿ ಹೇಳಿ” ಎಂದ ಅವನು ಶ್ರೀಮಂತನ ಕಡೆ ತಿರುಗಿ.

ಶ್ರೀಮಂತನ ಮುಖ ಬಾಡಿತು. ತಂದೆಗೆ ಕೊಟ್ಟ ಮಾತು ಒಂದು ಕಡೆ, ಮಂಡಿ ಹಿಡಿದು ನಿಂತ ಅಜ್ಜಿ ಒಂದು ಕಡೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಮರುದಿನ ಅವನೇ ಕಲ್ಲುಕುಟಿಗನನ್ನು ಕರೆಸಿದ. ಯಂತ್ರ ಗರಗರ ಎನ್ನುವಾಗ ಪಕ್ಕದಲ್ಲೇ ನಿಂತ. ಒಂದೊಂದೇ ಅಕ್ಷರ ಪುಡಿಯಾಗಿ ಹಾರುವಾಗ ಕಣ್ಣೊರೆಸಿಕೊಂಡ. ಧೂಳು ಬಿತ್ತು ಎಂದ. ಯಾರೂ ನಂಬಲಿಲ್ಲ.

ಅಜ್ಜಿ ಬಂದಳು. ನುಣುಪು ಕಲ್ಲನ್ನು ಕೈಯಿಂದ ಸವರಿ ನೋಡಿದಳು. ನಿಧಾನಕ್ಕೆ ಕೂತಳು. “ಉಸ್ಸಪ್ಪಾ” ಎಂದು ಕಾಲು ಚಾಚಿದಳು. ಆಮೇಲೆ ಪಕ್ಕಕ್ಕೆ ಸರಿದು, “ನೀವ್ಯಾಕೆ ನಿಂತಿದೀರಿ? ಬನ್ನಿ” ಎಂದಳು. ತಾನು ಹಾಕಿಸಿದ ಬೆಂಚಿನ ಮೇಲೆ ತಾನೂ ಎಂದೂ ಕೂತಿರಲಿಲ್ಲ ಎನ್ನುವುದು ಶ್ರೀಮಂತನಿಗೆ ಆಗ ಹೊಳೆಯಿತು. ಅಪ್ಪನ ಹೆಸರಲ್ಲವೇ! ಅಜ್ಜಿಯ ಪಕ್ಕದಲ್ಲಿ ಕೂತ.

ಎಲ್ಲರೂ ಒಪ್ಪಿದರೇ? ಇಲ್ಲ. ಜವಳಿಯವನು ಬಿಟ್ಟು ಹೋದ, ಅವನ ಹಿಂದೆ ಇನ್ನೂ ಕೆಲವರು ಹೋದರು. ದುಡ್ಡು ಸಾಲದೆ ಮದುವೆಯ ಹಾಲ್ ಏಳಲಿಲ್ಲ. ಆದರೆ ಆಸ್ಪತ್ರೆ ಎದ್ದಿತು, ಅದರ ಬೆಂಚುಗಳ ಮೇಲೆ ಜನ ಕೂತರು.

ಈಗ ನಮ್ಮ ವಿಷಯಕ್ಕೆ ಬರೋಣ. ನಮ್ಮ ಕಟ್ಟಡದ ಬೆಂಚು ಬಿಡಿ, ಅದನ್ನು ಸಮಿತಿ ನೋಡಿಕೊಳ್ಳುತ್ತದೆ. ನಾನು ಕೇಳುವುದು ನಿಮ್ಮ ಮನೆಯದು. ತಮ್ಮನನ್ನು ಓದಿಸಿದ್ದೀರಿ. ಒಳ್ಳೆಯದು. ಆದರೆ ಅವನು ಬಂದಾಗಲೆಲ್ಲ “ಓದಿಸಿದ್ದು ನಾನೇ” ಎನ್ನುತ್ತೀರಲ್ಲ, ಅವನು ನಿಮ್ಮೆದುರು ನೆಮ್ಮದಿಯಾಗಿ ಕೂರುವುದು ಹೇಗೆ? ಸೊಸೆಗೆ ಬಳೆ ಕೊಟ್ಟಿದ್ದೀರಿ. ಬಂದವರಿಗೆಲ್ಲ ತೋರಿಸಿದರೆ ಆ ಕೈಗೆ ಅದು ಭಾರವಾಗುವುದಿಲ್ಲವೇ? ಕೊಟ್ಟ ಮೇಲೆ ಕೈ ಬಿಡಿ. ಪೂರ್ತಿ ಬಿಡಿ.

ಈ ವಾರ ನಿಮ್ಮ ತಮ್ಮ ಬಂದರೆ ಹಳೆಯ ಮಾತು ಎತ್ತಬೇಡಿ. ಕುರ್ಚಿ ಎಳೆದು ಹಾಕಿ, “ಊಟ ಮಾಡ್ಕೊಂಡೇ ಹೋಗೋ” ಅನ್ನಿ. ಸಾಕು.