ಗುರುಶಾಂತಪ್ಪನವರು ಮೂಸಲಾಗದ ಹದಿನಾಲ್ಕು ಪೀಪಾಯಿಗಳು

ಸೇರಿರುವ ಎಲ್ಲರಿಗೂ ಶರಣು. ನೀಲಗಂಗಾ ಆಂಟಿ, ವರ್ಷಾ, ರಾಜಶೇಖರ್ — ಗುರುಶಾಂತಪ್ಪ ಸರ್ ಮನೆಯವರಾದ ನಿಮ್ಮೆದುರು ನಿಂತು ಏನು ಹೇಳಲಿ ಎಂದು ಯೋಚಿಸುತ್ತ ಡ್ರೈವ್ ಮಾಡಿಕೊಂಡು ಬರುವಾಗ ಡೌನರ್ಸ್ ಗ್ರೋವ್ ಎಕ್ಸಿಟ್ ದಾಟಿ ಎರಡು ಮೈಲಿ ಮುಂದೆ ಹೋಗಿಬಿಟ್ಟಿದ್ದೆ. ತಡವಾದದ್ದಕ್ಕೆ ಕ್ಷಮಿಸಿ. ಹಿಂದಿನ ಸಾಲಿನಲ್ಲಿ ಕುಳಿತಿರುವ ಎಲೆನರ್ ಮಿಷಿಗನ್‌ನಿಂದ ಬಂದಿದ್ದಾರೆ. ಅವರಿಗೆ ಕನ್ನಡ ಬಾರದು. ಆದರೆ ಗುರುಶಾಂತಪ್ಪ ಎಂಬ ಹೆಸರು ಕೇಳಿದಾಗಲೆಲ್ಲ ತಲೆಯೆತ್ತಿ ನೋಡುತ್ತಿದ್ದಾರೆ.

ನಾನು ದೀಪ್ತಿ. ಹಾಫ್‌ಮನ್ ಎಸ್ಟೇಟ್ಸ್‌ನ ಪರೀಕ್ಷಾ ಲ್ಯಾಬಿನಲ್ಲಿ ಹನ್ನೊಂದು ವರ್ಷ ಸರ್ ಕೈಕೆಳಗೆ ಕೆಲಸ ಮಾಡಿದವಳು. ಜ್ಯೂಸು, ಸಾಸು, ವೈನು — ಮೂಸಿ ನೋಡಿ, ಸರಿಯಿದೆಯೋ ಕೆಟ್ಟಿದೆಯೋ ಹೇಳುವುದು ನಮ್ಮ ಕೆಲಸ. ಬಾಗಲಕೋಟೆಯ ಶರಣರ ಮನೆಯಲ್ಲಿ ಹುಟ್ಟಿದ ಸರ್ ಒಂದು ಹನಿ ವೈನನ್ನೂ ಬಾಯಿಗೆ ಹಾಕಿದವರಲ್ಲ. ಮೂಗೊಂದೇ ಸಾಕಾಗಿತ್ತು. ಯುಗಾದಿ ಊಟದ ದಿನ ಇದೇ ಸಭಾಂಗಣದಲ್ಲಿ ಬದರೀನಾಥ ಅಂಕಲ್ ರೇಗಿಸಿದ್ದರು, "ಏನ್ರೀ, ಲಿಂಗ ಕಟ್ಕೊಂಡು ವೈನ್ ಕೆಲಸಾನಾ?" — ಅಂಕಲ್ ನಗುತ್ತಿದ್ದಾರೆ, ನೆನಪಿದೆ ಅವರಿಗೆ — ಸರ್ ಹೇಳಿದ್ದೇನು? "ಹೂವಿನ ವಾಸನಿ ನೋಡಿದಾಂವ ಹೂವು ತಿಂದಂಗ ಆಗತೈತೇನ್ರೀ?"

ತಿಂಗಳಿಗೊಮ್ಮೆ ನಾವಿಬ್ಬರೂ ಡೆಟ್ರಾಯಿಟ್ ಕಡೆಯ ಹೈವೇ ಹಿಡಿದು, ಮಿಷಿಗನ್ ಸರೋವರದ ತುದಿ ಬಳಸಿ, ಎಲೆನರ್ ಅವರ ವೈನರಿಗೆ ಹೋಗುತ್ತಿದ್ದೆವು. ತೊಂಬತ್ತು ವರ್ಷಗಳಿಂದ ಆ ಮನೆಯವರು ಶೆರ್ರಿ ಮಾಡುತ್ತಿದ್ದಾರೆ. ವೈನಿಗೆ ದ್ರಾಕ್ಷಿಯದೇ ಮದ್ಯಸಾರ ಬೆರೆಸಿ, ಓಕ್ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಮಲಗಿಸುತ್ತಾರೆ. ಪೀಪಾಯಿಗಳು ಮೂರು ಸಾಲು, ಒಂದರ ಮೇಲೊಂದು. ಕೆಳಗಿನ ಸಾಲಿನಿಂದ ಸ್ವಲ್ಪವೇ ತೆಗೆದು ಬಾಟಲಿಗೆ ತುಂಬುತ್ತಾರೆ. ತೆಗೆದಷ್ಟನ್ನು ಅದಕ್ಕೆ ನಡುವಿನ ಸಾಲು ಕೊಡುತ್ತದೆ, ನಡುವಿನದಕ್ಕೆ ಮೇಲಿನದು. ಹೊಸ ವೈನ್ ಸೇರುವುದು ಮೇಲಿನ ಸಾಲಿಗೆ ಮಾತ್ರ. ಹಾಗಾಗಿ ಕೆಳಗಿನ ಸಾಲು ಎಂದೂ ಬರಿದಾಗಿಲ್ಲ. ಎಲೆನರ್ ಅವರ ಅಜ್ಜ ಸುರಿದದ್ದರ ಒಂದೆಳೆ ಇಂದಿಗೂ ಅದರಲ್ಲಿದೆ.

ಆ ಕೋಣೆಯಲ್ಲಿ — ಹೇಗೆ ಹೇಳಲಿ — ಬೆಳಕೂ ಕಂದು, ಗಾಳಿಯೂ ಸಿಹಿ. ಮರ ಉಸಿರಾಡುತ್ತದೆ, ನಾವು ಅದರ ಉಸಿರನ್ನು ಉಸಿರಾಡುತ್ತೇವೆ. ಸರ್ ಬಾಗಿಲಲ್ಲೇ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಹೀಗೆ. ಎಷ್ಟು ಹೊತ್ತಾಯಿತೆಂದು ನಾನೂ ನೋಡುತ್ತಿರಲಿಲ್ಲ.

ಎರಡು ಸಾವಿರದ ಇಪ್ಪತ್ತೆರಡರ ಫೆಬ್ರವರಿಯಲ್ಲಿ ಎಲೆನರ್ ನಮ್ಮನ್ನು ಅವಸರವಾಗಿ ಕರೆಸಿದರು. ಬಾಟಲಿಗಳಲ್ಲಿ ಮುಗ್ಗಲು ವಾಸನೆ ಇದೆ ಎಂದು ದೂರು ಬಂದಿತ್ತು. ಕೆಳಗಿನ ಸಾಲಿನ ಹದಿನಾಲ್ಕು ಪೀಪಾಯಿಗಳನ್ನು ತೋರಿಸಿ ಅವರು ಹೇಳಿದ್ದು ಇಷ್ಟೇ — ಗುರು, ಇವು ಕೆಟ್ಟಿದ್ದರೆ ಎಲ್ಲ ಸುರಿದು ಬಾಗಿಲು ಹಾಕುತ್ತೇನೆ. ನಿಮ್ಮ ಮಾತೇ ಕೊನೆ.

ಸರ್ ಮೊದಲನೆಯ ಪೀಪಾಯಿಯಿಂದ ತೆಗೆದ ಗ್ಲಾಸನ್ನು ಮೂಗಿನ ಬಳಿ ಹಿಡಿದರು. ಹಿಡಿದೇ ಇದ್ದರು. ಆಮೇಲೆ ಕೆಳಗಿಟ್ಟು, ಎಲೆನರ್ ಅವರಿಗೆ ಇಂಗ್ಲಿಷಿನಲ್ಲಿ ನೇರವಾಗಿ ಹೇಳಿದರು: ನಾಲ್ಕು ತಿಂಗಳ ಹಿಂದೆ ಕೋವಿಡ್ ಬಂದಾಗಿನಿಂದ ನನಗೆ ಯಾವ ವಾಸನೆಯೂ ತಿಳಿಯುತ್ತಿಲ್ಲ. ಮೊದಲೇ ಹೇಳಬೇಕಿತ್ತು, ನನ್ನ ತಪ್ಪು. ಇವತ್ತು ದೀಪ್ತಿ ನೋಡುತ್ತಾಳೆ.

ನಾನು ಕನ್ನಡಕ್ಕೆ ಹೊರಳಿದೆ. "ಸರ್, ನಂಗೆ ಧೈರ್ಯ ಇಲ್ಲ. ತಪ್ಪು ಹೇಳಿದ್ರೆ?"

"ನಿಮ್ಮ ಮನ್ಯಾಗ ಏನ ವಾಸನಿ ಇತ್ತೋ ಅದನ್ನ ಹೇಳವಾ. ಪುಸ್ತಕದ್ದು ಬ್ಯಾಡ."

ಒಂದೊಂದನ್ನೇ ನೋಡಿದೆ. ಉತ್ತತ್ತಿ. ತುಪ್ಪದಲ್ಲಿ ಹುರಿದ ಗೋಡಂಬಿ. ಬೆಲ್ಲದ ಪಾಕ. ಒಂಬತ್ತನೆಯದರಲ್ಲಿ ನೆನೆದ ಗೋಣಿಚೀಲ. ಮತ್ತೆ ಹೋಗಿ ನೋಡಿದೆ — ಗೋಣಿಚೀಲವೇ. ಕೆಟ್ಟದ್ದು ಅದೊಂದೇ. ಎಲೆನರ್ ಆ ಒಂದು ಪೀಪಾಯಿಯನ್ನು ಹೊರಗೆ ಹಾಕಿಸಿದರು. ಹದಿಮೂರು ಉಳಿದವು. ವೈನರಿಯೂ ಉಳಿಯಿತು.

ವಾಪಸು ಬರುವಾಗ ಕಾರಿನಲ್ಲಿ ಸರ್, "ನಮ್ಮ ಮನ್ಯಾಗ ಹೇಳಬ್ಯಾಡವಾ. ಮೂವತ್ತು ವರ್ಷ ಆಕಿ ಅಡಿಗಿ ಹೊಗಳೇನಿ. ಇದು ಗೊತ್ತಾದ್ರ ಇನ್ನ ನಾ ಹೊಗಳಿದ್ದು ಆಕಿಗೆ ಮುಟ್ಟೂದಿಲ್ಲ" ಎಂದರು.

ನಾನು ಹೇಳಲಿಲ್ಲ. ಅವರ ಮೂಗಿಗೆ ವಾಸನೆ ಮತ್ತೆ ಬರಲೂ ಇಲ್ಲ. ಆದರೂ ಪ್ರತಿ ತಿಂಗಳು ನನ್ನ ಜೊತೆ ಬರುತ್ತಿದ್ದರು. ಅದೇ ಬಾಗಿಲಲ್ಲಿ ಕಣ್ಣು ಮುಚ್ಚಿ ನಿಂತು, "ಏನ ಬರತೈತಿ, ಹೇಳು" ಎನ್ನುತ್ತಿದ್ದರು. ನಾನು ಹೇಳುತ್ತ ಹೋಗುತ್ತಿದ್ದೆ. "ಇನ್ನಷ್ಟು ಹೇಳವಾ," ಎನ್ನುತ್ತಿದ್ದರು.

ಹೋದ ಮಂಗಳವಾರ ಸರ್ ಹೃದಯ ನಿಂತಿತು. ಆ ಗುಟ್ಟು ನನ್ನೊಳಗೆ ಭಾರವಾಗಿತ್ತು. ನಿನ್ನೆ ಆಂಟಿಯ ಪಕ್ಕ ಕೂತು ಎಲ್ಲ ಹೇಳಿಬಿಟ್ಟೆ. ಆಂಟಿ ನನ್ನ ಕೈ ಹಿಡಿದು ಏನೆಂದರೋ ಅದನ್ನು, ಅವರ ಒಪ್ಪಿಗೆ ಪಡೆದೇ, ನಿಮಗೆ ಹೇಳುತ್ತಿದ್ದೇನೆ.

"ನನಗ ಗೊತ್ತಿತ್ತವಾ. ಒಂದಿನ ಹಾಲು ಹೊತ್ತಿ ಮನಿತುಂಬ ಸೀದ ವಾಸನಿ. ಇವರು ಒಳಗ ಬಂದವರು, ಒಗ್ಗರಣಿ ಘಮ ಭಾರಿ ಐತಿ ಅಂದ್ರು. ಅವತ್ತ ತಿಳೀತು. ಮರುದಿನದಿಂದ ಬಾಗಲಾ ತಗದ ಕೂಡ್ಲೇ ನಾನ ಹೇಳತಿದ್ದೆ — ಇವತ್ತ ಮೆಂತ್ಯೆದ ಪಲ್ಯ ಮಾಡೇನ್ರೀ, ಇವತ್ತ ಪುಂಡಿ ಪಲ್ಯ — ಹೊಗಳೂ ಮುಂದ ಅವರ ಮಾತು ತಪ್ಪಬಾರದು ಅಂತ."

"ಯಾಕೆ ಆಂಟಿ, ಗೊತ್ತು ಅಂತ ಹೇಳ್ಲೇ ಇಲ್ವಲ್ಲ?"

"ಹೇಳಿದ್ರ ಹೊಗಳೂದು ಬಿಡತಿದ್ರು. ನನಗ ಅದು ಬೇಕಾಗಿತ್ತವಾ."

...

ಇಷ್ಟೇ ನನಗೆ ಹೇಳಲು ಆಗುವುದು. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಆಂಟಿ, ನೀವು ಕುಳಿತೇ ಇರಿ — ವರ್ಷಾ, ಅಮ್ಮನ ಕೈ ಹಿಡಿದುಕೋ. ಎರಡು ನಿಮಿಷ, ನಮ್ಮ ಗುರುಶಾಂತಪ್ಪನವರಿಗಾಗಿ ಮೌನವಾಗಿರೋಣ.