ಕಂಪ್ರೆಸರಿಗೆ ಹೊದಿಸಿದ ಕಂಬಳಿ

ಮೋಟರ್ ರಿಪೇರಿ ಅಂಗಡಿಯ ಬೆಂಚಿನಲ್ಲಿ ಮಿಕ್ಸಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ. ಪಕ್ಕದಲ್ಲಿ ಒಬ್ಬ ಗ್ಯಾರೇಜಿನವನು, ಅವನಾಚೆ ಮಗುವನ್ನು ಹೆಗಲಿಗೆ ಹಾಕಿಕೊಂಡ ಅವನ ಅತ್ತಿಗೆ. ಅವರ ಮುಂದೆ ಗ್ಯಾರೇಜಿನ ಗಾಳಿ ಕಂಪ್ರೆಸರಿನದು, ಸುಟ್ಟ ವಾಸನೆಯ ಮೋಟರ್.

“ಓಡ್ತಿರೋ ಕಂಪ್ರೆಸರಿಗೆ ಯಾರಾದ್ರೂ ಕಂಬಳಿ ಹೊದಿಸ್ತಾರಾ ಅತ್ತಿಗೆ? ಅದಕ್ಕೇನು ಚಳಿಜ್ವರ ಬಂದಿತ್ತಾ?”

“ಜ್ವರ ಬಂದಿದ್ದು ನನ್ನ ಮಗೂಗೆ. ಕೆಳಗೆ ಗ್ಯಾರೇಜಲ್ಲಿ ನಿನ್ನ ರಾಕ್ಷಸ ಬೊಬ್ಬೆ ಹೊಡೀತಿದ್ರೆ ಮೇಲೆ ಮನೇಲಿ ಇದು ಮಲಗೋದು ಹೇಗೆ?”

“ಗಾಳಿಯಾಡದೆ ಕಾದು ಸುಟ್ಟೇ ಹೋಯ್ತು. ನನ್ನ ಹೊಟ್ಟೆ ಮೇಲೆ ಹೊಡೆದ್ರಲ್ಲ!”

“ಸುಡ್ಲಿ ಬಿಡು. ಮಗು ಕಣ್ಣಾದ್ರೂ ಮುಚ್ಚಿದೆ.”

“ಕಂಬಳಿಯಿಂದ ಸದ್ದು ನಿಲ್ಲುತ್ತಾ? ಅದರ ಕೆಳಗೆ ದಪ್ಪ ರಬ್ಬರ್ ಕೊಡ್ಬೇಕು. ಗಾಳಿ ಎಳೆಯೋ ಬಾಯಿಗೆ ಪೈಪ್ ಹಾಕಿ, ನಿಮ್ಮ ಕಿಟಕಿಯಿಂದ ದೂರ, ಹಿತ್ತಲಿಗೆ ಬಿಡ್ಬೇಕು. ಸದ್ದು ಅರ್ಧಕ್ಕರ್ಧ ಇಳಿಯುತ್ತೆ.”

“ಇದೆಲ್ಲ ನಿನಗೆ ಮೊದಲೇ ಗೊತ್ತಿತ್ತಾ?”

ಅವನು ಮೋಟರಿನ ಮಸಿಯನ್ನು ಬೆರಳಿನಿಂದ ಒರೆಸಿದ.

“ಗೊತ್ತಿತ್ತು.”

“ಮತ್ತೆ ಯಾಕೋ ಮಾಡ್ಲಿಲ್ಲ?”

“ನೀವು ಯಾವತ್ತಾದ್ರೂ ಕೇಳಿದ್ರಾ? ಮಹಡಿ ಮೇಲಿಂದ ಬೈದ್ರಿ, ಅಷ್ಟೆ.”

ಅವಳು ಎದ್ದು ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು.

“ಈಗಲೂ ಕೇಳಲ್ಲ ಕಣೋ.”

ಅವಳು ಅಂಗಡಿಯ ಮೆಟ್ಟಿಲಿಳಿದು ಎಡಕ್ಕೆ ನಡೆದಳು. ಮೋಟರನ್ನು ಅಂಗಡಿಯವನಿಗೆ ಒಪ್ಪಿಸಿ ಅವನೂ ಇಳಿದ. ಅವಳು ಹೋದ ದಾರಿಯನ್ನೊಮ್ಮೆ ನೋಡಿ, ಅವಳ ಹಿಂದೆ ಹೋಗದೆ ಬಲಕ್ಕೆ ತಿರುಗಿದ.